ಮಿಲ್ಲಿನ ಸೈರನ್ನಿಗೆ ಹೊರಡುತ್ತಿದ್ದ ಬಸ್ಸು

ಕಳೆದ ಬೇಸಿಗೆಯಲ್ಲಿ ನಮ್ಮಲ್ಲೊಬ್ಬರ ಮನೆಯ ಅಟ್ಟ ಗುಡಿಸುವಾಗ ಅಜ್ಜನ ಹಳೆಯ ಪಂಚಾಂಗದೊಳಗೆ ಒಂದು ಬಸ್ ಟಿಕೆಟು ಸಿಕ್ಕಿತು. ತೆಳು ಕಾಗದ. ಬಣ್ಣ ಮಾಸಿಹೋಗಿ ಗುಲಾಬಿಯೋ ಕೇಸರಿಯೋ ಹೇಳಲು ಬರುವುದಿಲ್ಲ. ದರ ಅಚ್ಚಾಗಿದ್ದ ಮೂಲೆ ಹರಿದಿದೆ. ಹಿಂಬದಿಯಲ್ಲಿ ಪೆನ್ಸಿಲ್‌ನಿಂದ 40 ಎಂದು ಬರೆದು ಸುತ್ತ ಒಂದು ಗೆರೆ ಎಳೆದಿದ್ದಾರೆ. ಬಸ್ಸಿನಲ್ಲಿ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಂಡಕ್ಟರ್ ಬಳಿ ಚಿಲ್ಲರೆ ಇರಲಿಲ್ಲ, ಇಳಿಯುವಾಗ ಇಸ್ಕೊಳ್ಳಿ ಎಂದು ಬರೆದುಕೊಟ್ಟಿದ್ದಾರೆ. ಅಜ್ಜ ಮಿಲ್ಲಿಗೆ ಹೊತ್ತಾಯಿತೆಂದು ಇಳಿದವರೇ ಓಡಿದ್ದಾರೆ. ಆ 40 ಪೈಸೆ ಇವತ್ತಿಗೂ ಬಾಕಿ.

ನಮ್ಮ ಗುಂಪಿನಲ್ಲಿ ದಾವಣಗೆರೆಯವರಿದ್ದೇವೆ, ಹರಿಹರದವರಿದ್ದೇವೆ, ಸುತ್ತಲ ಹಳ್ಳಿಯವರೂ ಇದ್ದೇವೆ. ಒಟ್ಟಿಗೆ ಕೂತರೆ ಮಾತು ಹೇಗೋ ಬಸ್ಸಿಗೆ ಬರುತ್ತದೆ. ‘ಹರಿಹರ ಹರಿಹರ ಹರ್‍ಯರ್ ಹರ್‍ಯರ್’ ಎಂದು ಬಾಗಿಲಿಗೆ ಜೋತುಬಿದ್ದು ಕೂಗುತ್ತಿದ್ದ ಕ್ಲೀನರ್, ಟಾಪಿನ ಮೇಲಿನ ಮಂಡಕ್ಕಿ ಚೀಲ, ಮಳೆ ಬಂದರೆ ಕಿಟಕಿಗೆ ಇಳಿಬಿಡುತ್ತಿದ್ದ ತಾಡಪಾಲು. ಆ ಕಾಲದ ಬಸ್ಸಿನ ಮಜಾನೇ ಬೇರೆ ಎಂದು ಯಾರಾದರೂ ಹೇಳಿಯೇ ತೀರುತ್ತಾರೆ. ಆದರೆ ಸ್ಪ್ರಿಂಗ್ ಕಿತ್ತು ಚುಚ್ಚುತ್ತಿದ್ದ ಆ ಸೀಟಿನಲ್ಲಿ ಅಂಥ ಮಜಾ ಏನಿತ್ತು? ನಿಜಕ್ಕೂ ನಮಗೆ ನೆನಪಾಗುತ್ತಿರುವುದು ಯಾವುದು?

ಪತ್ರಿಕೋದ್ಯಮ ಓದಿದವರು ನಾವು. ಹೀಗೊಂದು ಪ್ರಶ್ನೆ ಬಂದ ಮೇಲೆ ಸುಮ್ಮನೆ ಕೂರಲಾಗದೆ ಹಿರಿಯರನ್ನು ಕೇಳುತ್ತ ಹೋದೆವು. ಮಿಲ್ಲಿನಲ್ಲಿ ದುಡಿದವರು, ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು, ಹೂವು ಮಾರಲು ಹರಿಹರದಿಂದ ದಾವಣಗೆರೆಗೆ ಬಂದುಹೋಗುತ್ತಿದ್ದ ಅಜ್ಜಿ. ಒಂದು ವಿಚಿತ್ರ ಗಮನಕ್ಕೆ ಬಂತು. ಎಲ್ಲರೂ ಬಸ್ಸಿನಿಂದ ಶುರು ಮಾಡಿ ಐದು ನಿಮಿಷದಲ್ಲಿ ಮಿಲ್ಲಿಗೆ ಬರುತ್ತಿದ್ದರು. ಬಸ್ಸಿನ ಕತೆ ಕೇಳಿದರೆ ಪಾಳಿಯ ಕತೆ, ಸಂಬಳದ ದಿನದ ಕತೆ, ಬೀಗ ಬಿದ್ದ ದಿನದ ಕತೆ ಬರುತ್ತಿತ್ತು. ಈ ಬರಹ ಹುಟ್ಟಿದ್ದು ಅಲ್ಲಿಂದ.

ಮೂರು ಸರ್ಕಾರಗಳ ಮೂಲೆ

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್. ಹಳೇ ಪಿ.ಬಿ. ರಸ್ತೆಯಲ್ಲಿ ಬಾತಿ ಕೆರೆ, ಬಾತಿ ಗುಡ್ಡ ದಾಟಿದರೆ ಹರಿಹರ ಬಂತೆಂದೇ ಲೆಕ್ಕ. ಪಿ.ಬಿ. ಎಂದರೆ ಪೂನಾ-ಬೆಂಗಳೂರು. ಈಗ ದೊಡ್ಡ ಹೆದ್ದಾರಿ ಎರಡೂ ಊರಿನ ಹೊರಗಿನಿಂದ ಹೋಗುತ್ತದೆ. ಒಂದು ಕಾಲಕ್ಕೆ ಬೆಂಗಳೂರಿನಿಂದ ಪುಣೆಗೆ ಹೋಗುವ ಪ್ರತಿ ಗಾಡಿಯೂ ನಮ್ಮ ಊರುಗಳ ಹೊಟ್ಟೆಯೊಳಗಿನಿಂದಲೇ ಹಾಯಬೇಕಿತ್ತು.

ಇಷ್ಟು ಹತ್ತಿರವಿದ್ದರೂ ಎರಡು ಊರಿನ ಹುಟ್ಟು ಬೇರೆ ಬೇರೆ. ಹರಿಹರ ಹಳೆಯದು. ಹೊಯ್ಸಳರ ದಂಡನಾಯಕ ಪೋಲಾಳ್ವ ಅಲ್ಲಿ ಹರಿಹರೇಶ್ವರ ದೇವಾಲಯ ಕಟ್ಟಿಸಿದ್ದು 13ನೇ ಶತಮಾನದಲ್ಲಿ. ದಾವಣಗೆರೆ ಅದರ ಮುಂದೆ ಕೂಸು. ಹೈದರಾಲಿಯ ಕಾಲದಲ್ಲಿ ಅಪ್ಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಸಿಕ್ಕ ಸಣ್ಣ ಊರು ಅದು. ಅವನು ವ್ಯಾಪಾರಿಗಳನ್ನು ಕರೆತಂದು ಪೇಟೆ ಬೆಳೆಸಿದ. ಒಂದು ದೇವರ ಊರು, ಇನ್ನೊಂದು ಪೇಟೆಯ ಊರು. ನಡುವಿನ ಓಡಾಟ ಆಗಿನಿಂದಲೇ ಇದ್ದಿರಬೇಕು, ಎತ್ತಿನ ಗಾಡಿಯಲ್ಲಿ.

ಹರಿಹರದ ಬಳಿ ತುಂಗಭದ್ರೆಗೆ ಕಮಾನು ಸೇತುವೆ ಕಟ್ಟಿ ಮುಗಿಸಿದ್ದು 1868ರಲ್ಲಿ. ಆ ಸೇತುವೆಯ ಮೇಲೆ ನಿಂತರೆ ನೀವು ಒಂದು ಗಡಿಯ ಮೇಲೆ ನಿಂತಂತೆ ಇತ್ತು. ಈಚೆ ದಡ ಮೈಸೂರು ಸಂಸ್ಥಾನ. ಆಚೆ ದಡ ರಾಣೆಬೆನ್ನೂರು ತಾಲ್ಲೂಕು, ಅಂದರೆ ಧಾರವಾಡ ಜಿಲ್ಲೆ, ಅಂದರೆ ಮುಂಬೈ ಪ್ರಾಂತ್ಯ. ಇನ್ನೊಂದು ದಿಕ್ಕಿಗೆ ಹರಪನಹಳ್ಳಿ ಸೀಮೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಬಳ್ಳಾರಿ ಜಿಲ್ಲೆಯ ಜೊತೆ ಅದು ಮೈಸೂರಿಗೆ ಸೇರಿದ್ದು 1953ರಲ್ಲಿ, ಧಾರವಾಡದ ಕಡೆಯವರು ಸೇರಿದ್ದು 1956ರ ನವೆಂಬರ್ 1ಕ್ಕೆ. ಅಲ್ಲಿಯವರೆಗೆ ನಮ್ಮದು ಮೂರು ಸರ್ಕಾರಗಳು ಸೇರುವ ಮೂಲೆ. ಹತ್ತಿ, ಜೋಳ, ಶೇಂಗಾ ಮಾರಲು ಮೂರೂ ಕಡೆಯವರು ದಾವಣಗೆರೆಯ ಮಂಡಿಪೇಟೆಗೆ ಬರುತ್ತಿದ್ದರು. ಸರ್ಕಾರ ಬೇರೆಯಾದರೂ ಸಂತೆ ಒಂದೇ.

ಈ ಓಡಾಟಕ್ಕೆ 19ನೇ ಶತಮಾನದ ಕೊನೆಗೆ ರೈಲು ಬಂತು, ಆಮೇಲೆ ಮೋಟಾರು ಬಂತು. ರೈಲು ದಿನಕ್ಕೆ ಎಣಿಸಿದಷ್ಟು ಸಲ, ಅದೂ ತನಗೆ ಬೇಕಾದ ಹೊತ್ತಿಗೆ ಬರುತ್ತಿತ್ತು. ಬಸ್ಸು ಕೈ ಅಡ್ಡ ಹಾಕಿದರೆ ನಿಲ್ಲುತ್ತಿತ್ತು. ಹುಣಸೆಮರದ ಕೆಳಗೆ ಬುಟ್ಟಿ ಇಟ್ಟುಕೊಂಡು ನಿಂತ ಹೆಂಗಸನ್ನು ರೈಲು ಯಾವತ್ತಾದರೂ ಹತ್ತಿಸಿಕೊಂಡೀತೆ?

ಹ್ಯಾಂಡಲ್ ತಿರುವಿದ ಕಾಲ

ಮೈಸೂರು ಸಂಸ್ಥಾನದಲ್ಲಿ ಮೊದಲಿಗೆ ಓಡಿದ್ದೆಲ್ಲ ಖಾಸಗಿಯವರ ಮೋಟಾರು. ಒಂದೋ ಎರಡೋ ಗಾಡಿ ಇಟ್ಟುಕೊಂಡ ಮಾಲೀಕರು, ಕೆಲವೊಮ್ಮೆ ಮಾಲೀಕರೇ ಡ್ರೈವರು. ಮುಂದೆ ಮೂತಿ ಚಾಚಿಕೊಂಡ ಗಾಡಿಗಳು ಅವು. ಬೆಳಿಗ್ಗೆ ಮೂತಿಯ ಕೆಳಗೆ ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುವಿದರೆ ಮಾತ್ರ ಇಂಜಿನ್ನಿಗೆ ಜೀವ ಬರುತ್ತಿತ್ತು. ತಿರುವುವ ಕೆಲಸ ಕ್ಲೀನರನದು. ಹ್ಯಾಂಡಲ್ ಹಿಂದಕ್ಕೆ ಒದ್ದು ಕೈ ಮುರಿದುಕೊಂಡ ಕ್ಲೀನರುಗಳ ಕತೆ ಹಿರಿಯರ ಬಾಯಲ್ಲಿ ಇನ್ನೂ ಇವೆ.

ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸುಗಳು ಇದ್ದಿಲಿನಿಂದ ಓಡಿದವು. ಬಸ್ಸಿನ ಹಿಂಬದಿಗೆ ಹಂಡೆಯಂಥ ಒಲೆ ಜೋಡಿಸಿ, ಅದರಲ್ಲಿ ಇದ್ದಿಲು ಉರಿಸಿ, ಬಂದ ಅನಿಲವನ್ನು ಇಂಜಿನ್ನಿಗೆ ಕೊಡುವ ಏರ್ಪಾಡು. ಹೊರಡುವ ಎಷ್ಟೋ ಹೊತ್ತು ಮೊದಲೇ ಒಲೆಗೆ ಗಾಳಿ ಹಾಕಿ ಕಾಯಿಸಬೇಕು. ಏರು ಬಂದರೆ ಉಸಿರು ಕಟ್ಟುತ್ತಿತ್ತು, ಜನ ಇಳಿದು ತಳ್ಳುತ್ತಿದ್ದರು. ಇಳಿದವರ ಬಿಳಿ ಅಂಗಿ ಬೂದಿ ಬಣ್ಣಕ್ಕೆ ತಿರುಗಿರುತ್ತಿತ್ತು.

ಸ್ವಾತಂತ್ರ್ಯ ಬಂದ ಮರುವರ್ಷ, 1948ರ ಸೆಪ್ಟೆಂಬರ್ 12ರಂದು, ಮೈಸೂರು ಸರ್ಕಾರ 120 ಬಸ್ಸುಗಳೊಂದಿಗೆ ತನ್ನದೇ ಸಾರಿಗೆ ಇಲಾಖೆ ಶುರು ಮಾಡಿತು. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಸರ್ಕಾರಿ ಬಸ್ಸು 1932ರಲ್ಲೇ ಬಂದಿತ್ತು. ನದಿಯ ಆಚೆಯ ಮುಂಬೈ ಪ್ರಾಂತ್ಯದಲ್ಲೂ 1948ರಲ್ಲಿ ಬಂತು. 1956ರ ಏಕೀಕರಣದಲ್ಲಿ ಈ ಎಲ್ಲ ಕಡೆಯ ಬಸ್ಸು, ಡ್ರೈವರು, ಕಂಡಕ್ಟರು ಒಂದೇ ರಾಜ್ಯದ ಅಡಿಗೆ ಬಂದರು. 1961ರ ಆಗಸ್ಟ್ 1ಕ್ಕೆ ಇಲಾಖೆ ಹೋಗಿ ನಿಗಮವಾಯಿತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕ ಆದಾಗ ನಿಗಮದ ಹೆಸರೂ ಬದಲಾಗಿ ಈಗ ನಾವು ಕರೆಯುವ ಕೆಎಸ್‌ಆರ್‌ಟಿಸಿ ಬಂತು. 1976ರಲ್ಲಿ ಕಾಂಟ್ರ್ಯಾಕ್ಟ್ ಪರ್ಮಿಟ್ಟಿನ ಖಾಸಗಿ ಬಸ್ಸುಗಳನ್ನು ಸರ್ಕಾರ ಕಾಯ್ದೆ ಮಾಡಿ ವಶಕ್ಕೆ ತೆಗೆದುಕೊಂಡಿತು.

ಆದರೆ ಎಲ್ಲ ಮಾರ್ಗವೂ ಸರ್ಕಾರದ್ದಾಗಲಿಲ್ಲ. ದಕ್ಷಿಣ ಕನ್ನಡ, ಶಿವಮೊಗ್ಗ, ಆಗಿನ ಚಿತ್ರದುರ್ಗ ಜಿಲ್ಲೆಯ ಎಷ್ಟೋ ದಾರಿಗಳು ಖಾಸಗಿಯವರ ಕೈಯಲ್ಲೇ ಉಳಿದವು. ನಮ್ಮ ಕಡೆಯ ಹಳ್ಳಿಗಳಿಗೆ ಬಸ್ಸೆಂದರೆ ಹೆಸರಿರುವ ಬಸ್ಸು. ದೇವರ ಹೆಸರು, ಮಗಳ ಹೆಸರು, ಮನೆತನದ ಹೆಸರು. ‘ಎಂಟರ ಬಸ್ಸು ಬಂತಾ?’ ಎಂದು ನಾವು ಕೇಳುತ್ತಿರಲಿಲ್ಲ, ಬಸ್ಸಿನ ಹೆಸರು ಹಿಡಿದು ‘ಅವನು ಹೋದನಾ?’ ಎಂದೇ ಕೇಳುತ್ತಿದ್ದೆವು. ಬಸ್ಸು ಕಾಣುವ ಮೊದಲೇ ಹಾರ್ನಿನಲ್ಲೇ ಯಾವುದೆಂದು ಗೊತ್ತಾಗುತ್ತಿತ್ತು.

ಪಾಳಿ ಬದಲಾಗುವ ಹೊತ್ತು

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದುದು ಪಾಠದಲ್ಲಿ ನೀವೂ ಓದಿರುತ್ತೀರಿ. ಸುತ್ತಲೂ ಎರೆಭೂಮಿ, ಎರೆಯಲ್ಲಿ ಹತ್ತಿ, ಪೇಟೆಯಲ್ಲಿ ಜಿನ್ನಿಂಗ್. ಅದರ ಬೆನ್ನಿಗೆ 1930ರ ದಶಕದಿಂದ ಬಟ್ಟೆ ಮಿಲ್ಲುಗಳು ಎದ್ದವು. ದಾವಣಗೆರೆ ಕಾಟನ್ ಮಿಲ್ಸ್, ಆಂಜನೇಯ ಮಿಲ್, ಶಂಕರ ಮಿಲ್, ತೋಳಹುಣಸೆಯ ಯಲ್ಲಮ್ಮ ಮಿಲ್ ಹೀಗೆ ಒಂದೊಂದು ಮಿಲ್ಲಿಗೂ ಒಂದೊಂದು ಸೈರನ್. ಮನೆಯಲ್ಲಿ ಗಡಿಯಾರ ಇಲ್ಲದವರೂ ಸೈರನ್ ಕೇಳಿ ಒಲೆ ಹಚ್ಚುತ್ತಿದ್ದರು.

ಅತ್ತ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ಲೇತ್ ಯಂತ್ರ ತಯಾರಿಸುವ ಕಾರ್ಖಾನೆ ಅದು. ಅದರ ಕಾಲೊನಿಗೆ ಹೆಸರೇ ಯಂತ್ರಪುರ. 1970ರ ದಶಕದಲ್ಲಿ ನದಿಯಾಚೆ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಬಂತು. ಹಾಗಾಗಿ ಜನ ಒಂದೇ ದಿಕ್ಕಿಗೆ ಹೋಗುತ್ತಿರಲಿಲ್ಲ. ಹರಿಹರದವರು ನೂಲು ಸುತ್ತಲು ದಾವಣಗೆರೆಗೆ, ದಾವಣಗೆರೆಯವರು ಕಬ್ಬಿಣ ಕಡೆಯಲು ಹರಿಹರಕ್ಕೆ. ಬಸ್ಸು ಎರಡೂ ಕಡೆ ತುಂಬಿಯೇ ಓಡುತ್ತಿತ್ತು. ಬಸ್ಸಿನ ವ್ಯವಹಾರ ಬಲ್ಲವರು ಇದರ ಬೆಲೆ ಬಲ್ಲರು. ಹೋಗುವಾಗ ತುಂಬಿ ಬರುವಾಗ ಖಾಲಿ ಬರುವ ದಾರಿಯಲ್ಲಿ ಯಾವ ಮಾಲೀಕನೂ ಉಳಿಯುವುದಿಲ್ಲ. ಎರಡೂ ಕಡೆ ತುಂಬುವ 14 ಕಿಲೋಮೀಟರು ಬಂಗಾರದ ದಾರಿ.

ಮಿಲ್ಲು ದಿನಕ್ಕೆ ಮೂರು ಪಾಳಿ. ಪಾಳಿಗೆ ಮುಂಚೆ ಒಂದು ತುಂಬು ಬಸ್ಸು, ಪಾಳಿ ಬಿಟ್ಟ ಮೇಲೆ ಒಂದು ತುಂಬು ಬಸ್ಸು. ನಾವು ಮಾತಾಡಿಸಿದ ಕಂಡಕ್ಟರ್ ಹೇಳಿದ್ದು ಕೇಳಿ: ಪರ್ಮಿಟ್ಟಿನಲ್ಲಿ ಟೈಮು ಬರೆದಿರುತ್ತಿತ್ತು, ಆದರೆ ಡ್ರೈವರ್ ಕಿವಿ ಮಿಲ್ಲಿನ ಕಡೆಗೇ ಇರುತ್ತಿತ್ತು. ಸೈರನ್ ಆಗಿ ಜನ ಗೇಟು ದಾಟಿ ಬರುವವರೆಗೆ ಇಂಜಿನ್ ಆನ್ ಮಾಡಿಕೊಂಡು ನಿಂತಿರುತ್ತಿದ್ದರು. ಹಿಂದೆ ನಿಂತ ಬಸ್ಸಿನವನು ಬೈದರೂ ಜಗ್ಗುತ್ತಿರಲಿಲ್ಲ. ಎರಡು ನಿಮಿಷ ತಡವಾಗಿ ಹೊರಟು, ಆ ಎರಡು ನಿಮಿಷವನ್ನು ಬಾತಿಯೊಳಗೆ ಹಿಡಿಯುತ್ತೇನೆಂದು ಬಿಟ್ಟರೆ ಕೂತವರ ಜೀವ ಕೈಯಲ್ಲಿ.

ದಿನವೂ ಅದೇ ಬಸ್ಸು, ಅದೇ ಮುಖ. ಕಂಡಕ್ಟರ್ ಕೈ ಚಾಚುವ ಮೊದಲೇ ಚಿಲ್ಲರೆ ಹೊರಗೆ. ಯಾರಾದರೂ ಎರಡು ದಿನ ಬರದಿದ್ದರೆ ಮೂರನೇ ದಿನ ‘ಯಾಕಪ್ಪ, ಹುಷಾರಿಲ್ವೇನು ಅವ್ನಿಗೆ?’ ಎಂದು ಪಕ್ಕದವರನ್ನು ಕೇಳುತ್ತಿದ್ದುದು ಕಂಡಕ್ಟರೇ. ಸಂಬಳದ ಮುಂಚಿನ ವಾರ ಕೈಯಲ್ಲಿ ಕಾಸಿಲ್ಲದವರನ್ನು ಸುಮ್ಮನೆ ಕರೆದೊಯ್ದು ಸಂಬಳದ ದಿನ ಲೆಕ್ಕ ಚುಕ್ತಾ ಮಾಡಿಕೊಂಡವರೂ ಇದ್ದರು. ನಮ್ಮ ಅಜ್ಜನ ಟಿಕೆಟಿನ ಹಿಂದೆ ಬರೆದದ್ದು ಬಸ್ಸಿನವರು ಕೊಡಬೇಕಾದ ಬಾಕಿ. ಅವರ ಕಡೆಯೂ ಅಂಥವೇ ಬಾಕಿಗಳು ಬಹಳ ಇದ್ದವು.

ಬಸ್ಸಿನಲ್ಲೇ ಯೂನಿಯನ್ನಿನ ಮಾತೂ ಆಗುತ್ತಿತ್ತು. ಬೋನಸ್ಸಿನ ಸುದ್ದಿ, ಗೇಟ್ ಮೀಟಿಂಗಿನ ಸುದ್ದಿ ಮಿಲ್ಲಿನಿಂದ ಮಿಲ್ಲಿಗೆ, ಮಿಲ್ಲಿನಿಂದ ಕಿರ್ಲೋಸ್ಕರಿಗೆ ಹರಿದದ್ದು ಇದೇ ಸೀಟುಗಳ ಮೇಲೆ. ಕಾರ್ಮಿಕರ ನಡುವಿನಿಂದ ಬಂದ ಕಮ್ಯುನಿಸ್ಟ್ ನಾಯಕ ಪಂಪಾಪತಿಯವರನ್ನು ದಾವಣಗೆರೆ 1978, 1983, 1985ರಲ್ಲಿ ಮೂರು ಸಲ ವಿಧಾನಸಭೆಗೆ ಕಳಿಸಿತು. ಅಂಥ ಊರಿನ ಬಸ್ಸು ಅದು. ಸುದ್ದಿ ಹಂಚಲು ಪತ್ರಿಕೆಯ ತನಕ ಕಾಯುವ ಅಗತ್ಯವಿರಲಿಲ್ಲ.

ಕಾರ್ಮಿಕರ ಜೊತೆಗೇ ವಿದ್ಯಾರ್ಥಿಗಳು. ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು 1951ರಲ್ಲಿ, ಜೆ.ಜೆ.ಎಂ. ಮೆಡಿಕಲ್ ಕಾಲೇಜು 1965ರಲ್ಲಿ ಬಂದವು. ರಾತ್ರಿ ಪಾಳಿ ಮುಗಿಸಿ ತೂಕಡಿಸುವ ಅಪ್ಪ ಒಂದು ಬಸ್ಸಿನಲ್ಲಿ ಮನೆಗೆ, ಪುಸ್ತಕ ಹಿಡಿದ ಮಗ ಎದುರು ಬಸ್ಸಿನಲ್ಲಿ ಕಾಲೇಜಿಗೆ. ಭದ್ರಾ ನಾಲೆ ಬಂದ ಮೇಲೆ ಮಲೇಬೆನ್ನೂರು ಕಡೆಯ ಗದ್ದೆಯವರು ಭತ್ತದ ದುಡ್ಡಿನೊಂದಿಗೆ ಪೇಟೆಗೆ ಬಂದರು. ಅಮಾವಾಸ್ಯೆ ಬಂದರೆ ಉಕ್ಕಡಗಾತ್ರಿಯ ಅಜ್ಜಯ್ಯನಿಗೆ ಹೋಗುವವರು. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದರೆ ಕೇಳುವುದೇ ಬೇಡ, ಟಾಪಿನ ಮೇಲೂ ಜನ.

ಎಲ್ಲರ ನೆನಪೂ ಸಿಹಿಯಲ್ಲ

ಇಲ್ಲಿಗೆ ನಿಲ್ಲಿಸಿದರೆ ಈ ಬರಹ ಚೆಂದವಾಗಿಯೇ ಇರುತ್ತದೆ. ಆದರೆ ಅದು ಪೂರ್ತಿ ನಿಜವಾಗುವುದಿಲ್ಲ.

ಹೂವಿನ ಅಜ್ಜಿಗೆ ಹಳೇ ಬಸ್ಸೆಂದರೆ ಬುಟ್ಟಿಯ ನೆನಪು. ಬುಟ್ಟಿಗೂ ಟಿಕೆಟ್ ಕೇಳುತ್ತಿದ್ದರು, ಇಲ್ಲವೆಂದರೆ ಟಾಪಿಗೆ ಎಸೆಯುತ್ತಿದ್ದರು. ಬಿಸಿಲಿಗೆ ಹೂವು ಬಾಡಿದರೆ ಆ ದಿನದ ವ್ಯಾಪಾರ ಹೋಯಿತು. ಗಂಡಸರು ತುಂಬಿದ ಪಾಳಿ ಬಸ್ಸಿನಲ್ಲಿ ಒಂಟಿ ಹೆಂಗಸು ಹೇಗೆ ನಿಲ್ಲಬೇಕಿತ್ತೆಂದು ಅವರು ಕೈ ಮಡಚಿ ಮೊಣಕೈ ಮುಂದೆ ಮಾಡಿ ತೋರಿಸಿದರು. ಹೆಚ್ಚು ಹೇಳಲಿಲ್ಲ. ನಾವೂ ಕೇಳಲಿಲ್ಲ.

ಇನ್ನೊಬ್ಬ ಹಿರಿಯರು ಹೇಳಿದ್ದು ಹಳ್ಳಿಯ ಬಸ್ಸಿನ ಮಾತು. ಅವರು ಹುಡುಗರಾಗಿದ್ದಾಗ ಸೀಟು ಖಾಲಿಯಿದ್ದರೂ ಅವರ ಕೇರಿಯವರು ಕೂರುತ್ತಿರಲಿಲ್ಲ. ಕೂರಬೇಡಿ ಎಂದು ಬೋರ್ಡೇನೂ ಇರಲಿಲ್ಲ. ಅದೇ ಬಸ್ಸಿನಲ್ಲಿ ಊರ ಗೌಡರು ಇರುತ್ತಿದ್ದರು, ಅಷ್ಟೇ. ಬಸ್ಸು ಹಳ್ಳಿಯ ಎಲ್ಲೆ ದಾಟಿ ದಾವಣಗೆರೆಯ ರಸ್ತೆಗೆ ಬಿದ್ದ ಮೇಲೆ, ಪರ ಊರಿನವರು ಹತ್ತಿದ ಮೇಲೆ, ಯಾರು ಯಾರೆಂದು ಗೊತ್ತಾಗದ ಮೇಲೆ ಕೂರುತ್ತಿದ್ದರಂತೆ. ಮಿಲ್ಲಿನ ಬಸ್ಸಿನಲ್ಲಿ ಈ ತೊಂದರೆ ಕಡಿಮೆ, ಅಲ್ಲಿ ಎಲ್ಲರ ಅಂಗಿಗೂ ಒಂದೇ ಹತ್ತಿಯ ಧೂಳು ಎಂದರು. ಬಸ್ಸು ಎಲ್ಲರನ್ನೂ ಒಂದು ಮಾಡಿತು ಎಂದು ನಾವು ಸುಲಭವಾಗಿ ಬರೆದುಬಿಡುತ್ತೇವೆ. ಎಷ್ಟನೇ ಕಿಲೋಮೀಟರಿನಿಂದ ಒಂದು ಮಾಡಿತು ಎಂದೂ ಬರೆಯಬೇಕು.

ಬಸ್ಸಿನಲ್ಲಿ ದುಡಿದವರ ಕತೆ ಬೇರೆ. ಮಿಲ್ಲಿನವರಿಗೆ ಹಾಜರಿ ಪುಸ್ತಕವಿತ್ತು, ಯೂನಿಯನ್ ಇತ್ತು, ಪಿ.ಎಫ್. ಇತ್ತು. ನಾವು ಮಾತಾಡಿಸಿದ ಖಾಸಗಿ ಬಸ್ಸಿನ ಡ್ರೈವರ್, ಕ್ಲೀನರುಗಳಿಗೆ ಇದ್ದದ್ದು ದಿನದ ಬತ್ತ ಮಾತ್ರ. ಸಂಜೆ ಕಲೆಕ್ಷನ್ ಕಡಿಮೆಯಾದರೆ ಅದೂ ಕಡಿಮೆ. ಬಸ್ಸು ಶೆಡ್ಡಿನಲ್ಲಿ ನಿಂತ ದಿನ ಅದೂ ಇಲ್ಲ. ಇಪ್ಪತ್ತು ವರ್ಷ ದುಡಿದೆ ಎಂದು ಹೇಳುವವರ ಬಳಿ ಅದಕ್ಕೆ ಒಂದು ಚೀಟಿಯೂ ಇಲ್ಲ. ಎದುರಿನ ಬಸ್ಸನ್ನು ಹಿಂದೆ ಹಾಕಿ ಹೋಗುತ್ತಿದ್ದುದು ನಮಗೆ ಮಜಾ ಅನ್ನಿಸುತ್ತಿತ್ತು. ಅವರಿಗೆ ಅದು ಮುಂದಿನ ಸ್ಟಾಪಿನ ನಾಲ್ಕು ಟಿಕೆಟಿನ ಲೆಕ್ಕ.

ಸೈರನ್ ನಿಂತ ಮೇಲೆ

ಮಿಲ್ಲುಗಳು ಒಂದೇ ದಿನ ಮುಚ್ಚಲಿಲ್ಲ. ಹಳೆಯ ಯಂತ್ರ ಬದಲಿಸಲಿಲ್ಲ, ಪವರ್‌ಲೂಮ್ ಬಟ್ಟೆ ಅಗ್ಗಕ್ಕೆ ಬಂತು, ಕರೆಂಟ್ ಕೈಕೊಟ್ಟಿತು, ಸಾಲ ಬೆಳೆಯಿತು. 1980ರ ದಶಕದಿಂದೀಚೆಗೆ ಒಂದೊಂದಾಗಿ ಪಾಳಿ ಮೂರರಿಂದ ಎರಡಾಯಿತು, ಎರಡರಿಂದ ಒಂದಾಯಿತು, ಕೊನೆಗೆ ಗೇಟಿಗೆ ಬೀಗ ಬಿತ್ತು. ಎರೆಹೊಲಗಳಲ್ಲಿ ಹತ್ತಿ ಹೋಗಿ ಮೆಕ್ಕೆಜೋಳ ಬಂತು. ಹರಿಹರದ ಕಿರ್ಲೋಸ್ಕರ್ ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು.

ಬಸ್ಸಿನವರಿಗೆ ಇದು ಮೊದಲು ಗೊತ್ತಾದದ್ದು ರಾತ್ರಿ ಬಸ್ಸಿನಲ್ಲಿ. ಪಾಳಿ ಬಿಟ್ಟ ಜನರಿಂದ ತುಂಬುತ್ತಿದ್ದ ಕೊನೆಯ ಟ್ರಿಪ್ಪಿನಲ್ಲಿ ಹತ್ತು ಜನ, ಆಮೇಲೆ ಐದು ಜನ. ಡೀಸೆಲ್ಲಿನ ದುಡ್ಡೂ ಹುಟ್ಟದೆ ಆ ಟ್ರಿಪ್ಪು ನಿಂತಿತು. ಕೊನೆಯ ಬಸ್ಸು ನಿಂತ ಮೇಲೆ ರಾತ್ರಿ ಕೆಲಸ ಮುಗಿಸಿ ಬರಲು ಇನ್ನೂ ದಾರಿ ಬೇಕಿದ್ದ ಹೋಟೆಲಿನವರು, ಆಸ್ಪತ್ರೆಯ ಆಯಾಗಳು ಲಾರಿಗೆ ಕೈ ಅಡ್ಡ ಹಾಕಿದರು. ಕೈಯಲ್ಲಿ ಕಾಸಿದ್ದವರು ಲೂನಾ ಕೊಂಡರು, ಆಮೇಲೆ ಬೈಕು. ಸಣ್ಣ ದೂರಕ್ಕೆ ಆಟೋ, ಟೆಂಪೋ ಬಂದವು. 1997ರ ಆಗಸ್ಟ್ 15ಕ್ಕೆ ದಾವಣಗೆರೆ ತಾನೇ ಜಿಲ್ಲೆಯಾಯಿತು. ಕಚೇರಿಗೆ, ಆಸ್ಪತ್ರೆಗೆ, ಕಾಲೇಜಿಗೆ ಬರುವ ಹೊಸ ಜನ ಬಸ್ಸಿಗೆ ಸಿಕ್ಕರು. ಹಾಗಾಗಿ ಬಸ್ಸು ಸಾಯಲಿಲ್ಲ. ಆದರೆ ಪಾಳಿಯ ಬಸ್ಸು ಸತ್ತಿತು. ಒಂದೇ ಹೊತ್ತಿಗೆ, ಒಂದೇ ಕೆಲಸಕ್ಕೆ, ಒಬ್ಬರಿಗೊಬ್ಬರು ಗೊತ್ತಿದ್ದವರು ಹತ್ತುವ ಬಸ್ಸು ಮತ್ತೆ ಬರಲಿಲ್ಲ.

ನಮಗೆ ಹಳಹಳಿಕೆ ಇರುವುದು ಇದರದ್ದೇ ಎಂದು ಈಗ ಅನ್ನಿಸುತ್ತದೆ. ಮೂತಿ ಬಸ್ಸೂ ಅಲ್ಲ, ತಾಡಪಾಲೂ ಅಲ್ಲ. ತಿಂಗಳಿಗೊಮ್ಮೆ ಸಂಬಳ ಬರುವುದೆಂಬ ಭರವಸೆ ಇದ್ದ ಊರು ಅದು. ಓದದವನಿಗೂ ಕಾಯಂ ಕೆಲಸ ಸಿಗುತ್ತಿದ್ದ, ಆ ಕೆಲಸದ ಮೇಲೆ ಮಗನನ್ನು ಓದಿಸುತ್ತಿದ್ದ ಊರು. ಬಸ್ಸು ಅದರ ಗುರುತು ಮಾತ್ರ. ದಾವಣಗೆರೆಯಲ್ಲಿ ಇಂದಿಗೂ ‘ಡಿಸಿಎಂ’ ಎಂಬ ಜಾಗದ ಹೆಸರಿದೆ. ನಮ್ಮ ತಮ್ಮ ತಂಗಿಯರನ್ನು ಕೇಳಿದರೆ ಉಪಮುಖ್ಯಮಂತ್ರಿ ಅನ್ನುತ್ತಾರೆ. ಅದು ದಾವಣಗೆರೆ ಕಾಟನ್ ಮಿಲ್ಸ್.

ಕೆಂಪು ಬಸ್ಸು, ಹೆಸರಿನ ಬಸ್ಸು

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಖಾಸಗಿ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ. ಖಾಸಗಿ ಬಸ್ಸು ಹೆಚ್ಚಿರುವ ನಮ್ಮಂಥ ಕಡೆ ಇದರ ಪೆಟ್ಟು ಎಲ್ಲರಿಗೂ ಕಾಣುತ್ತದೆ. ಹೆಂಗಸರು ಕೆಂಪು ಬಸ್ಸಿಗೆ ಕಾಯುತ್ತಾರೆ, ಅವರ ಜೊತೆ ಬಂದ ಗಂಡಸರೂ ಅದಕ್ಕೇ ಹತ್ತುತ್ತಾರೆ. ಹೆಸರಿನ ಬಸ್ಸು ಅರ್ಧ ಖಾಲಿ ಹೋಗುತ್ತದೆ.

ಇದನ್ನು ನೋಡಿ ‘ಫ್ರೀ ಬಸ್ಸು ಬಂದು ನಮ್ಮ ಹಳೇ ಬಸ್ಸನ್ನು ಕೊಂದಿತು’ ಎಂದು ಮರುಗುವವರಿದ್ದಾರೆ. ನಮಗೆ ಅದು ಒಪ್ಪಿಗೆಯಿಲ್ಲ. ಹೂವಿನ ಅಜ್ಜಿ ತನ್ನ ದುಡಿಮೆಯ ಕಾಲವೆಲ್ಲ ಬುಟ್ಟಿಗೂ ಸೇರಿಸಿ ಎರಡು ಟಿಕೆಟ್ಟಿನ ದುಡ್ಡು ಕೊಟ್ಟವರು. ಈಗ ಅವರ ಸೊಸೆ ಅದೇ ದಾರಿಯಲ್ಲಿ ದುಡ್ಡಿಲ್ಲದೆ ಹೋಗಿ ಬಂದು, ಉಳಿದ ಹಣದಲ್ಲಿ ಮಗಳಿಗೆ ಟ್ಯೂಷನ್ ಹಾಕಿದ್ದಾರೆ. ನಮ್ಮ ನೆನಪಿನ ಖುಷಿಗೆ ಆ ಹುಡುಗಿಯ ಟ್ಯೂಷನ್ ಬಿಡಿಸಲಾಗದು. ಹಳೇ ಬಸ್ಸನ್ನು ದುರ್ಬಲ ಮಾಡಿದ್ದು ಹಿಂದೆಯೇ ನಿಂತ ಸೈರನ್ನು.

ಆದರೆ ಡ್ರೈವರ್ ಹೇಳುವುದೂ ಸುಳ್ಳಲ್ಲ. ಕೆಂಪು ಬಸ್ಸು ಹೋಗದ ಹಳ್ಳಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಟ್ರಿಪ್ಪು ಹೊಡೆಯುತ್ತಿರುವುದು ಅವರ ಬಸ್ಸೇ. ಪೇಟೆಯ ದಾರಿಯಲ್ಲಿ ದುಡಿದ ದುಡ್ಡಿನಿಂದ ಹಳ್ಳಿಯ ಆ ನಷ್ಟದ ಟ್ರಿಪ್ಪು ನಡೆಯುತ್ತಿತ್ತು. ಪೇಟೆಯ ದುಡಿಮೆ ನಿಂತರೆ ಹಳ್ಳಿಯ ಟ್ರಿಪ್ಪು ನಿಲ್ಲುತ್ತದೆ. ಆಗ ಆ ಹಳ್ಳಿಯ ಹೆಂಗಸಿಗೆ ಫ್ರೀ ಬಸ್ಸೂ ಇಲ್ಲ, ದುಡ್ಡಿನ ಬಸ್ಸೂ ಇಲ್ಲ. ಹಾಗಾಗಬಾರದೆಂದರೆ ಖಾಸಗಿ ಬಸ್ಸು ಬಿಟ್ಟುಹೋದ ಹಳ್ಳಿಗೆ ಮರುದಿನವೇ ಸರ್ಕಾರಿ ಬಸ್ಸು ಹೋಗಬೇಕು, ಅದೇ ಹೊತ್ತಿಗೆ ಹೋಗಬೇಕು. ಆ ಡ್ರೈವರು, ಕಂಡಕ್ಟರುಗಳ ಅನುಭವಕ್ಕೆ ಅಲ್ಲಿ ಬೆಲೆ ಸಿಗಬೇಕು.

ಬೇರೆ ದಾರಿಯನ್ನೂ ನಮ್ಮ ನಾಡ ಕಾರ್ಮಿಕರು ತುಳಿದು ನೋಡಿದ್ದಾರೆ. ಕೊಪ್ಪದಲ್ಲಿ ಖಾಸಗಿ ಕಂಪನಿಯೊಂದು ನಿಂತಾಗ ಅದರ ನೌಕರರೇ ಸೇರಿ 1991ರಲ್ಲಿ ಸಹಕಾರ ಸಾರಿಗೆ ಕಟ್ಟಿದರು. ಡ್ರೈವರೇ ಮಾಲೀಕ, ಕಂಡಕ್ಟರೇ ಮಾಲೀಕ. ಮಲೆನಾಡಿನ ಹಳ್ಳಿಹಳ್ಳಿಗೆ ಸುಮಾರು ಮೂರು ದಶಕ ಓಡಿದ ಆ ಬಸ್ಸುಗಳು 2020ರ ಆರಂಭದಲ್ಲಿ ನಷ್ಟ ತಾಳಲಾರದೆ ನಿಂತವು. ಜನ ಬಸ್ಸಿಗಾಗಿ ಅತ್ತದ್ದನ್ನು ಆಗ ಎಲ್ಲರೂ ಬರೆದರು. ನಿಲ್ಲುವ ಮುಂಚಿನ ವರ್ಷಗಳಲ್ಲಿ ಬರೆದವರು ಕಡಿಮೆ. ವರದಿಗಾರರಾದ ನಮಗೂ ಅದರಲ್ಲಿ ಪಾಲಿದೆ.

ಬಾಕಿ

ಅಜ್ಜನ ಟಿಕೆಟನ್ನು ನಾವು ಆ ಹಳೆಯ ಕಂಡಕ್ಟರಿಗೆ ತೋರಿಸಿದೆವು. ಬರೆದದ್ದು ಅವರಲ್ಲ, ಅವರಿಗಿಂತ ಹಿಂದಿನವರು ಯಾರೋ. ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು, ಪಂಚ್ ಆದ ತೂತು ನೋಡಿ, ಹರಿಹರದಿಂದ ಹತ್ತಿದ ಟಿಕೆಟ್ ಇರಬೇಕು ಎಂದರು. ಆಮೇಲೆ ನಗುತ್ತ ಜೇಬಿಗೆ ಕೈ ಹಾಕಿ 40 ಪೈಸೆ ಕೊಡಲೇನು ಎಂದರು. ಕೊಡಲು ನಾಣ್ಯವೇ ಇಲ್ಲ. 25 ಪೈಸೆ ಮತ್ತು ಅದರ ಕೆಳಗಿನ ನಾಣ್ಯಗಳೆಲ್ಲ 2011ರಲ್ಲೇ ಚಲಾವಣೆಯಿಂದ ಹೋದವು.

ನಮ್ಮ ಊರಿನ ಅರಸರ ಶಾಸನ ಕಲ್ಲಿನ ಮೇಲಿದೆ. ಸೇತುವೆ ಯಾವಾಗ ಕಟ್ಟಿದರೆಂದು ಗೆಜೆಟಿಯರ್‌ನಲ್ಲಿದೆ. ರಾತ್ರಿ ಪಾಳಿಯ ಬಸ್ಸು ಯಾವ ವರ್ಷ ನಿಂತಿತು, ಅವತ್ತು ಅದರಲ್ಲಿ ಎಷ್ಟು ಜನ ಇದ್ದರು ಎಂಬುದು ಕೆಲವು ಹಿರಿಯರ ತಲೆಯಲ್ಲಿ ಮಾತ್ರ ಇದೆ. ಅವರಲ್ಲಿ ಅನೇಕರಿಗೆ ಈಗ 70 ದಾಟಿದೆ. ಹಾಗಾಗಿ ಒಂದು ಕೆಲಸ ಶುರು ಮಾಡಿದ್ದೇವೆ. ದಾವಣಗೆರೆ, ಹರಿಹರದ ಹಳೆಯ ಡ್ರೈವರು, ಕಂಡಕ್ಟರು, ಕ್ಲೀನರು, ಬಸ್ ಸ್ಟ್ಯಾಂಡಿನ ಏಜೆಂಟರು, ಮಿಲ್ಲಿನವರು, ಬುಟ್ಟಿ ಹೊತ್ತು ಬಂದವರು ಎಲ್ಲರ ಮಾತನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ದಿನಾಂಕ ಹಾಕಿ ಇಡುತ್ತಿದ್ದೇವೆ. ನಿಮ್ಮ ಮನೆಯಲ್ಲೂ ಪಂಚಾಂಗದೊಳಗೆ, ಟ್ರಂಕಿನ ತಳದಲ್ಲಿ ಟಿಕೆಟು, ಪಾಸು, ಮಿಲ್ಲಿನ ಹಾಜರಿ ಚೀಟಿ ಇದ್ದರೆ ರದ್ದಿಗೆ ಹಾಕುವ ಮುಂಚೆ ಹಿಂದೆ ತಿರುಗಿಸಿ ನೋಡಿ. ಪೆನ್ಸಿಲ್‌ನಲ್ಲಿ ಏನಾದರೂ ಬರೆದಿರಬಹುದು.